ಲೈಸೆನ್ಸ್ ನವೀಕರಣಕ್ಕೆ ಆನ್‌ಲೈನ್ ಕೋರ್ಸ್: ಕರಾವಳಿಯ ನರ್ಸ್, ಡಾಕ್ಟರ್, ಫಾರ್ಮಸಿಸ್ಟರಿಗೊಂದು ಮಾರ್ಗದರ್ಶಿ

ಆನ್‌ಲೈನ್ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಕೈಗೆ ಬಂದ ಮಾತ್ರಕ್ಕೆ ಲೈಸೆನ್ಸ್ ನವೀಕರಣಕ್ಕೆ ಲೆಕ್ಕಕ್ಕೆ ಬರುವ ಕಲಿಕೆಯ ಗಂಟೆ, ಅಂದರೆ ಕ್ರೆಡಿಟ್ ಗಂಟೆ, ನಿಮ್ಮ ಹೆಸರಿಗೆ ಸೇರಿತು ಎಂದಲ್ಲ. ಆ ಗಂಟೆಯನ್ನು ಒಪ್ಪುವುದೋ ಬಿಡುವುದೋ ಎಂದು ತೀರ್ಮಾನಿಸುವುದು ನಿಮ್ಮ ಹೆಸರು ನೋಂದಣಿಯಾಗಿರುವ ಕೌನ್ಸಿಲ್. ಕೋರ್ಸ್ ಮಾರುವವರಿಗೆ ಆ ಅಧಿಕಾರವಿಲ್ಲ. ಈ ಒಂದು ವಿಷಯ ಸ್ಪಷ್ಟವಾದರೆ ಮುಂದಿನ ಕೆಲಸವೆಲ್ಲ ಸಲೀಸು. ಸ್ಪಷ್ಟವಾಗದಿದ್ದರೆ ಕಟ್ಟಿದ ಹಣ, ನೈಟ್ ಡ್ಯೂಟಿ ಮುಗಿಸಿ ಬಂದು ನಿದ್ದೆಗೆಟ್ಟು ಕೂತ ಹೊತ್ತು ಎರಡೂ ವ್ಯರ್ಥ.

ಮಂಗಳೂರು, ದೇರಳಕಟ್ಟೆ, ಉಡುಪಿ, ಮಣಿಪಾಲದ ಆಸ್ಪತ್ರೆಗಳಲ್ಲಿ ದುಡಿಯುವವರಿಗೆ ಆನ್‌ಲೈನ್ ದಾರಿ ನಿಜಕ್ಕೂ ಅನುಕೂಲ. ಕೌನ್ಸಿಲ್ ಕಚೇರಿಗಳಿರುವುದು ಸುಮಾರು 350 ಕಿ.ಮೀ. ದೂರದ ಬೆಂಗಳೂರಿನಲ್ಲಿ. ಶಿಫ್ಟ್ ಬಿಟ್ಟು ಎರಡು ದಿನದ ಸಮ್ಮೇಳನಕ್ಕೆ ಹೋಗಲು ಎಲ್ಲರಿಗೂ ರಜೆ ಸಿಗುವುದಿಲ್ಲ. ಮಳೆಗಾಲದಲ್ಲಿ ಘಾಟಿ ರಸ್ತೆಯ ಪಾಡು ಯಾವಾಗ ಏನೆಂದು ಹೇಳಲಾಗದು.

ನಿಮ್ಮಿಂದ ಕೇಳುವುದು ಎಷ್ಟು

ನರ್ಸ್‌ಗಳಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಹಾಕಿಕೊಟ್ಟ ಮಾನದಂಡ 5 ವರ್ಷಕ್ಕೆ 150 ಗಂಟೆಗಳ ಮುಂದುವರಿದ ಶಿಕ್ಷಣ, ಅಂದರೆ ಸಿಎನ್‌ಇ. ವರ್ಷಕ್ಕೆ 30, ತಿಂಗಳಿಗೆ ಎರಡೂವರೆ ಗಂಟೆ. ಹೀಗೆ ಒಡೆದು ನೋಡಿದರೆ ಹೊರೆಯೇ ಅಲ್ಲ. ನಾಲ್ಕು ವರ್ಷ ಸುಮ್ಮನಿದ್ದು ಐದನೆಯ ವರ್ಷ ಒಮ್ಮೆಗೇ ಮಾಡಹೊರಟರೆ ತಿಂಗಳಿಗೆ ಹನ್ನೆರಡೂವರೆ ಗಂಟೆ ಬೀಳುತ್ತದೆ. ಸುಳ್ಳು ಸರ್ಟಿಫಿಕೇಟ್ ಮಾರುವವರ ಬಲೆಗೆ ಜನ ಬೀಳುವುದು ಆಗಲೇ. ಈ 150ರಲ್ಲಿ ಆನ್‌ಲೈನ್ ಎಷ್ಟು, ಮುಖಾಮುಖಿ ಎಷ್ಟು ಎಂಬುದನ್ನು ರಾಜ್ಯ ಕೌನ್ಸಿಲ್‌ನ ಚಾಲ್ತಿ ಸುತ್ತೋಲೆಯಲ್ಲೇ ನೋಡಿಕೊಳ್ಳಿ. ಎರಡು ವರ್ಷದ ಹಿಂದೆ ಸಹೋದ್ಯೋಗಿ ಮಾಡಿದ ಕ್ರಮ ಈ ಸಲಕ್ಕೆ ಸಲ್ಲಬೇಕೆಂದಿಲ್ಲ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ ಬಂದಿರುವುದರಿಂದ ಪ್ರಕಟಣೆಗಳ ಮೇಲೆ ಒಂದು ಕಣ್ಣಿಟ್ಟಿರುವುದು ಇನ್ನೂ ಮುಖ್ಯ.

ಡಾಕ್ಟರುಗಳಿಗೆ 5 ವರ್ಷಕ್ಕೆ 30 ಗಂಟೆ. ಇದರ ಬುಡ 2002ರ ವೈದ್ಯಕೀಯ ನೀತಿಸಂಹಿತೆಯ ನಿಯಮಗಳಲ್ಲಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊಸ ನಿಯಮಗಳನ್ನು ಹೊರಡಿಸಿ ಅದೇ ತಿಂಗಳು ತಡೆಹಿಡಿಯಿತು. ಆದರೂ ಆ ನಿಯಮಗಳ ಪುಟಗಳು ವಾಟ್ಸ್ಆಪ್ ಗುಂಪುಗಳಲ್ಲಿ ಈಗಲೂ ಓಡಾಡುತ್ತವೆ. ಅದನ್ನು ಓದಿ ಗಾಬರಿಯಾಗಬೇಡಿ, ಕರ್ನಾಟಕ ಮೆಡಿಕಲ್ ಕೌನ್ಸಿಲ್ ಏನು ಕೇಳುತ್ತದೆಯೋ ಅದನ್ನು ಪಾಲಿಸಿ.

ಫಾರ್ಮಸಿಸ್ಟರ ಲೆಕ್ಕ ಗಂಟೆಯಲ್ಲಿಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳ ಪ್ರಕಾರ 5 ವರ್ಷದಲ್ಲಿ ಕನಿಷ್ಠ 2 ರಿಫ್ರೆಶರ್ ಕೋರ್ಸ್ ಆಗಬೇಕು, ತಲಾ ಒಂದು ದಿನದ್ದು. ಎರಡು ಗಂಟೆಯ ವೆಬಿನಾರ್ ಹತ್ತು ಮಾಡಿದರೂ ಅದು ರಿಫ್ರೆಶರ್ ಕೋರ್ಸ್ ಆಗುವುದಿಲ್ಲ.

ವಿದೇಶದ ಕನಸಿದ್ದವರಿಗೆ ಇನ್ನೊಂದು ಮಾತು. ಇಲ್ಲಿಂದ ಬ್ರಿಟನ್ನಿಗೆ ಹೋದ ನರ್ಸ್‌ಗಳು ಅಲ್ಲಿನ ನೋಂದಣಿಯನ್ನು 3 ವರ್ಷಕ್ಕೊಮ್ಮೆ ನವೀಕರಿಸಬೇಕು. 35 ಗಂಟೆ ಕಲಿಕೆ, ಅದರಲ್ಲಿ 20 ಗಂಟೆ ಇತರರ ಜೊತೆ ಸೇರಿ ಕಲಿತದ್ದಿರಬೇಕು. ಒಬ್ಬರೇ ಕೂತು ರೆಕಾರ್ಡೆಡ್ ವಿಡಿಯೊ ನೋಡಿದ್ದು ಆ 20ಕ್ಕೆ ಬರುವುದಿಲ್ಲ, ಪ್ರಶ್ನೋತ್ತರವಿರುವ ನೇರ ವೆಬಿನಾರ್ ಬರುತ್ತದೆ. ಹೊರಗೆ ಹೋಗಲು ಬೇಕಾದ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್, ಅಂದರೆ ನೋಂದಣಿ ಸರಿಯಾಗಿದೆ ಎಂದು ಕೌನ್ಸಿಲ್ ಕೊಡುವ ಪತ್ರ, ಸಿಗಬೇಕಾದರೂ ಇಲ್ಲಿನ ನೋಂದಣಿ ಚಾಲ್ತಿಯಲ್ಲಿರಬೇಕು. ನವೀಕರಣ ತಪ್ಪಿಹೋಗಿರುವುದು ಗೊತ್ತಾಗುವುದು ಬಹಳ ಮಂದಿಗೆ ಆ ಹೊತ್ತಿಗೇ, ಕೈಯಲ್ಲಿ ಆಫರ್ ಲೆಟರ್ ಇಟ್ಟುಕೊಂಡು.

ಹಣ ಕಟ್ಟುವ ಮೊದಲು ನೋಡಬೇಕಾದದ್ದು

ಕೋರ್ಸ್‌ನ ಪ್ರಕಟಣೆಯಲ್ಲಿ ಮೊದಲು ಹುಡುಕಬೇಕಾದದ್ದು ಮಾನ್ಯತೆಯ ಸಾಲು: ಯಾವ ಕೌನ್ಸಿಲ್, ಯಾವ ಆದೇಶ ಸಂಖ್ಯೆ, ಯಾವ ದಿನಾಂಕ, ಎಷ್ಟು ಕ್ರೆಡಿಟ್. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಆಯೋಜಕರನ್ನು ಕೇಳಿ. 'ಕ್ರೆಡಿಟ್‌ಗೆ ಅರ್ಜಿ ಹಾಕಿದ್ದೇವೆ' ಎಂದರೆ ಇನ್ನೂ ಸಿಕ್ಕಿಲ್ಲ ಎಂದೇ ಅರ್ಥ. 'ಅಂತಾರಾಷ್ಟ್ರೀಯ ಮಾನ್ಯತೆ' ಎಂಬ ದೊಡ್ಡ ಮುದ್ರೆ ಇದ್ದು ಕೌನ್ಸಿಲ್‌ನ ಹೆಸರೇ ಇಲ್ಲದಿದ್ದರೆ ನವೀಕರಣಕ್ಕೆ ಅದು ಉಪಯೋಗಕ್ಕಿಲ್ಲ.

ನಮ್ಮೂರಲ್ಲಿ ವಿಶೇಷವಾಗಿ ಆಗುವ ಗೊಂದಲವೊಂದುಂಟು. ಮಂಗಳೂರು, ಮಣಿಪಾಲದಲ್ಲಿ ಕೆಎಂಸಿ ಎಂದರೆ ಕಸ್ತೂರ್ಬಾ ಮೆಡಿಕಲ್ ಕಾಲೇಜು. ಕ್ರೆಡಿಟ್ ವಿಷಯದಲ್ಲಿ ಕೆಎಂಸಿ ಎಂದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್. ಪೋಸ್ಟರಿನಲ್ಲಿ ಬರೀ ಮೂರಕ್ಷರ ನೋಡಿ ಕೌನ್ಸಿಲ್ ಮಾನ್ಯತೆ ಇದೆ ಎಂದುಕೊಳ್ಳಬೇಡಿ. ಕಾಲೇಜು ನಡೆಸುವುದು ಬೇರೆ, ಕೌನ್ಸಿಲ್ ಕ್ರೆಡಿಟ್ ಕೊಡುವುದು ಬೇರೆ. 'ಕ್ರೆಡಿಟ್ ಅವರ್' ಎಂಬ ಪದದ ಪಕ್ಕ ಕೌನ್ಸಿಲ್‌ನ ಪೂರ್ತಿ ಹೆಸರು ಇದೆಯೇ ಎಂದು ನೋಡಿ.

ಆಮೇಲೆ ಗಂಟೆಯ ಲೆಕ್ಕ. ನಾಲ್ಕು ಗಂಟೆ ನಡೆಯುವ ಕಾರ್ಯಕ್ರಮಕ್ಕೆ ನಾಲ್ಕೇ ಕ್ರೆಡಿಟ್ ಬರುತ್ತದೆಂಬ ಖಾತ್ರಿಯಿಲ್ಲ. ಉದ್ಘಾಟನೆ, ಊಟದ ಬಿಡುವು ಕಳೆದು ಪಾಠದ ಹೊತ್ತಿಗೆ ಮಾತ್ರ ಕೊಡುವುದುಂಟು. ಮಾನ್ಯತಾ ಪತ್ರದಲ್ಲಿ ಬರೆದ ಅಂಕಿಯೇ ಅಂತಿಮ.

ವಿಶ್ವ ಆರೋಗ್ಯ ಸಂಸ್ಥೆಯ ಉಚಿತ ಆನ್‌ಲೈನ್ ಕೋರ್ಸ್‌ಗಳು, ಕೇಂದ್ರ ಸರ್ಕಾರದ 'ಸ್ವಯಂ' ಆನ್‌ಲೈನ್ ವೇದಿಕೆಯ ಪಾಠಗಳು ಕಲಿಯಲು ಬಹಳ ಒಳ್ಳೆಯವು. ಆದರೆ ಅವುಗಳ ಸರ್ಟಿಫಿಕೇಟ್ ತಾನೇ ತಾನಾಗಿ ಕ್ರೆಡಿಟ್ ಆಗುವುದಿಲ್ಲ. ಅವನ್ನು ಜ್ಞಾನಕ್ಕೆಂದು ಮಾಡಿ, ಲೆಕ್ಕಕ್ಕೆ ಬೇರೆ ಇಟ್ಟುಕೊಳ್ಳಿ.

ಇನ್ನು ವಿಷಯದ ಆಯ್ಕೆ. ಕ್ರೆಡಿಟ್ ಸಿಗುತ್ತದೆಂದು ಸಿಕ್ಕಿದ್ದನ್ನೆಲ್ಲ ಮಾಡುವುದಕ್ಕಿಂತ, ನಾಳೆ ಬೆಳಿಗ್ಗೆ ವಾರ್ಡಿನಲ್ಲಿ ಕೆಲಸಕ್ಕೆ ಬರುವುದನ್ನು ಆರಿಸುವುದು ಲೇಸು. ಕರಾವಳಿಯಲ್ಲಿ ಮಳೆ ಹಿಡಿದರೆ ಇಲಿಜ್ವರ, ಡೆಂಗಿ, ಮಲೇರಿಯಾ. ಗದ್ದೆ ತೋಟದ ಕೆಲಸದವರಿಗೆ ಹಾವು ಕಡಿತ. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಹಾಗಾಗಿ ಬೆಳ್ತಂಗಡಿ, ಹೆಬ್ರಿ ಕಡೆಯ ಸಣ್ಣ ಆಸ್ಪತ್ರೆಯ ನರ್ಸ್‌ಗೂ ಆ ಕೋರ್ಸ್ ಬೇಕು.

ಕೋರ್ಸ್‌ನ ಗುಣಮಟ್ಟ ಅಳೆಯಲು ಇದೇ ವಿಷಯ ಒಳ್ಳೆಯ ಉದಾಹರಣೆ. ಹಾವು ಕಡಿದವರ ರಕ್ತಕ್ಕೆ ವಿಷ ತಾಗಿದೆಯೇ ಎಂದು ತಿಳಿಯಲು ಮಾಡುವ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಪಾಠದಲ್ಲಿ ಹೇಗೆ ಹೇಳಿಕೊಡುತ್ತಾರೆ ನೋಡಿ. ಟ್ಯೂಬ್ ಗಾಜಿನದೇ ಆಗಿರಬೇಕು, ಪ್ಲಾಸ್ಟಿಕ್ ಆಗದು. ಶುಭ್ರವಾಗಿ ಒಣಗಿರಬೇಕು, ಸೋಪು ಹಾಕಿ ತೊಳೆದದ್ದು ಬೇಡ. ಸಿರೆಯ ರಕ್ತ ಸುಮಾರು 2 ಎಂ.ಎಲ್. ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಒಂದೇ ಸಲ ವಾಲಿಸಿ ನೋಡಬೇಕು. ಸೋಪಿನ ಅಂಶ ಉಳಿದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ವಿಷವೇರಿದಂತೆ ಕಾಣಬಹುದು. ಇಷ್ಟನ್ನೂ ಕಾರಣ ಸಮೇತ ಹೇಳುವ ಕೋರ್ಸ್ ನಿಮ್ಮ ಹಣಕ್ಕೆ ತಕ್ಕದ್ದು. ಹಾವುಗಳ ವರ್ಗೀಕರಣದ ಸ್ಲೈಡ್ ಓದಿ ಮುಗಿಸುವ ಕೋರ್ಸ್‌ಗೆ ಕ್ರೆಡಿಟ್ ಇದ್ದರೂ ನಿಮ್ಮ ರೋಗಿಗೆ ಅದರಿಂದ ಪ್ರಯೋಜನವಿಲ್ಲ.

ಹೆಸರು ಒಂದೇ ಥರ ಇರಲಿ

ಹೆಸರಿನ ವ್ಯತ್ಯಾಸದಿಂದಲೂ ಅರ್ಜಿ ವಾಪಸು ಬರುವುದುಂಟು. ನಮ್ಮ ಕಡೆಯ ಹೆಸರುಗಳೂ ಹಾಗೆಯೇ. ನೋಂದಣಿಯಲ್ಲಿ ತಂದೆಯ ಇನಿಶಿಯಲ್, ಆಧಾರ್‌ನಲ್ಲಿ ಶೆಟ್ಟಿ ಅಥವಾ ಪೂಜಾರಿ, ಮದುವೆಯ ನಂತರ ಪಾಸ್‌ಪೋರ್ಟ್‌ನಲ್ಲಿ ಮತ್ತೊಂದು. ಡಿಸೋಜ, ಡಿಸಿಲ್ವ, ಡಿಕುನ್ಹ ಹೆಸರಿನವರಿಗೆ ಇನ್ನೊಂದು ತೊಡಕು: ಇಂಗ್ಲಿಷಿನಲ್ಲಿ 'ಡಿ' ಅಕ್ಷರದ ಪಕ್ಕ ಬರುವ ಅಲ್ಪವಿರಾಮದಂಥ ಚಿಹ್ನೆಯನ್ನು ಎಷ್ಟೋ ಫಾರಂಗಳು ಒಪ್ಪುವುದೇ ಇಲ್ಲ. ಕೆಲವು ಕಡೆ ಅಲ್ಲಿ ಖಾಲಿ ಜಾಗ ಬೀಳುತ್ತದೆ, ಕೆಲವು ಕಡೆ ಎರಡೂ ಅಕ್ಷರ ಕೂಡಿಕೊಳ್ಳುತ್ತದೆ. ಆಗ ಕಂಪ್ಯೂಟರ್ ಕಣ್ಣಿಗೆ ಅದು ಬೇರೆಯೇ ವ್ಯಕ್ತಿ.

ಮಾಡಬೇಕಾದದ್ದು ಇಷ್ಟೆ. ಕೌನ್ಸಿಲ್ ನೋಂದಣಿ ಪತ್ರ ತೆಗೆದು, ಅದರಲ್ಲಿ ಇರುವ ಹೆಸರನ್ನು ಅಕ್ಷರ, ಚುಕ್ಕೆ, ಖಾಲಿ ಜಾಗ ಸಮೇತ ಮೊಬೈಲಿನ ನೋಟ್ಸ್‌ನಲ್ಲಿ ಬರೆದಿಡಿ. ಪಕ್ಕದಲ್ಲೇ ನೋಂದಣಿ ಸಂಖ್ಯೆ. ಯಾವ ಕೋರ್ಸ್‌ಗೆ ಹೆಸರು ಕೊಡುವಾಗಲೂ ಅಲ್ಲಿಂದಲೇ ಕಾಪಿ ಮಾಡಿ ಅಂಟಿಸಿ, ಕೈಯಲ್ಲಿ ಟೈಪ್ ಮಾಡಬೇಡಿ. ಚಿಹ್ನೆಯನ್ನು ಫಾರಂ ಒಪ್ಪದಿದ್ದರೆ ಅದೊಂದನ್ನು ಮಾತ್ರ ತೆಗೆದು, ಸರ್ಟಿಫಿಕೇಟಿನಲ್ಲಿ ಸರಿಯಾಗಿ ಮುದ್ರಿಸುವಂತೆ ಆಯೋಜಕರಿಗೆ ಆ ದಿನವೇ ಇಮೇಲ್ ಮಾಡಿ. ನೋಂದಣಿ ಪತ್ರದಲ್ಲೇ ತಪ್ಪಿದ್ದರೆ ಅಥವಾ ಮದುವೆಯ ನಂತರ ಹೆಸರು ಬದಲಾಗಿದ್ದರೆ, ಕೌನ್ಸಿಲ್‌ನಲ್ಲಿ ಮೊದಲು ಅದನ್ನು ತಿದ್ದಿಸಿ. ನವೀಕರಣದ ಅರ್ಜಿಯ ಜೊತೆಗೇ ಆಗುತ್ತದೆ ಎಂದು ಮುಂದೂಡಿದರೆ ಎರಡೂ ಕೆಲಸ ನಿಲ್ಲುತ್ತದೆ.

ನರ್ಸ್‌ಗಳು ರಾಷ್ಟ್ರೀಯ ದಾಖಲೆ ವ್ಯವಸ್ಥೆಯಲ್ಲಿ ಎನ್‌ಯುಐಡಿ ಎಂಬ ಗುರುತಿನ ಸಂಖ್ಯೆ ಪಡೆಯಲು ಆಧಾರ್ ಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಈಗಲೂ ನಿಮ್ಮ ಕೈಯಲ್ಲಿದೆಯೇ ಎಂದು ನೋಡಿಕೊಳ್ಳಿ. ವಿದ್ಯಾರ್ಥಿಯಾಗಿದ್ದಾಗ ಹಾಸ್ಟೆಲಿನಲ್ಲಿ ಬಳಸುತ್ತಿದ್ದ ಹಳೆಯ ಸಿಮ್‌ಗೆ ಒಟಿಪಿ ಹೋಗುತ್ತಿದ್ದರೆ ಮುಂದಿನ ಯಾವ ಹೆಜ್ಜೆಯೂ ಸಾಗದು.

ಕೋರ್ಸ್‌ಗೆ ಕೂರುವ ದಿನ

ನೇರ ವೆಬಿನಾರ್‌ನಲ್ಲಿ ಹಾಜರಿ ಹಾಕುವುದು ಮನುಷ್ಯರಲ್ಲ, ಲಾಗಿನ್. ಯಾವ ಹೆಸರಿನಿಂದ ಎಷ್ಟು ಹೊತ್ತಿಗೆ ಒಳಬಂದರು, ಎಷ್ಟಕ್ಕೆ ಹೊರಹೋದರು ಎಂಬ ಪಟ್ಟಿ ಆಯೋಜಕರಿಗೆ ಸಿಗುತ್ತದೆ. ಅದರ ಮೇಲೆಯೇ ಸರ್ಟಿಫಿಕೇಟ್. ಹಾಸ್ಟೆಲ್ ಕೋಣೆಯಲ್ಲಿ ನಾಲ್ವರು ಸಿಸ್ಟರ್‌ಗಳು ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು ಪೂರ್ತಿ ಕೇಳಿದರೂ ಸರ್ಟಿಫಿಕೇಟ್ ಬರುವುದು ಲಾಗಿನ್ ಆದ ಒಬ್ಬರಿಗೆ ಮಾತ್ರ. ಒಟ್ಟಿಗೆ ಕೂತು ಕೇಳುವುದು ಒಳ್ಳೆಯದೇ, ಆದರೆ ಉಳಿದವರೂ ತಮ್ಮ ತಮ್ಮ ಮೊಬೈಲಿನಲ್ಲಿ, ತಮ್ಮದೇ ಲಿಂಕ್‌ನಿಂದ, ಸೌಂಡ್ ಮುಚ್ಚಿ ಒಳಗಿರಬೇಕು.

ಒಳಗೆ ಹೋದ ಕೂಡಲೇ ಪರದೆಯಲ್ಲಿ ನಿಮ್ಮ ಹೆಸರೇನು ಕಾಣುತ್ತಿದೆ ನೋಡಿ. ಫೋನಿನ ಕಂಪನಿ ಹೆಸರೋ ಮಗುವಿನ ಹೆಸರೋ ಇದ್ದರೆ ಬದಲಿಸಿ ಪೂರ್ತಿ ಹೆಸರು, ಪಕ್ಕದಲ್ಲಿ ನೋಂದಣಿ ಸಂಖ್ಯೆ ಹಾಕಿ. ನಡುನಡುವೆ ಪರದೆಯ ಮೇಲೆ ಪ್ರಶ್ನೆ ಬರುವುದುಂಟು, ಕೇಳುಗರು ಎಚ್ಚರವಾಗಿದ್ದಾರೆಯೇ ಎಂದು ತಿಳಿಯಲು. ಫೋನಿನಲ್ಲಿ ಬೇರೆ ಆಪ್ ತೆರೆದಿಟ್ಟರೆ ಆ ಪ್ರಶ್ನೆ ಕಾಣುವುದೇ ಇಲ್ಲ.

ಡೇಟಾ ಲೆಕ್ಕ ಮೊದಲೇ ಹಾಕಿ. ಗಂಟೆಯ ನೇರ ವಿಡಿಯೊಗೆ ಸುಮಾರು 1 ಜಿಬಿ ಹೋಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಇದ್ದವರಿಗೆ ಎರಡು ಗಂಟೆಯ ಕಾರ್ಯಕ್ರಮ ಕೊನೆಯ ಅರ್ಧ ಗಂಟೆಯಲ್ಲಿ ಕೈಕೊಡುತ್ತದೆ, ಸಾಮಾನ್ಯವಾಗಿ ಪರೀಕ್ಷೆಯ ಲಿಂಕ್ ಕೊಡುವ ಹೊತ್ತಿಗೆ ಸರಿಯಾಗಿ. ನಿಮ್ಮ ಕ್ಯಾಮರಾ ಆಫ್ ಮಾಡಿ, ವಿಡಿಯೊ ಗುಣಮಟ್ಟ ಇಳಿಸಿದರೆ ಬಹಳ ಉಳಿಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟಿನ ವ್ಯವಸ್ಥೆಯೂ ಬೇಕು. ಮೆಸ್ಕಾಂನ ವಿದ್ಯುತ್ ನಿಲುಗಡೆ ಪ್ರಕಟಣೆ ಪತ್ರಿಕೆಯಲ್ಲಿ ಹಿಂದಿನ ದಿನ ಬರುತ್ತದೆ, ನಿಮ್ಮ ಫೀಡರ್ ಹೆಸರಿದೆಯೇ ನೋಡಿ. ಮನೆಯಲ್ಲಿ ಇನ್ವರ್ಟರ್ ಇಲ್ಲದಿದ್ದರೆ ವೈಫೈ ರೂಟರ್‌ಗೆ ಸಣ್ಣ ಯುಪಿಎಸ್ ಸಾಕು. ಕೊಳ್ಳುವ ಮೊದಲು ರೂಟರ್ ಅಡಿಯ ಸ್ಟಿಕ್ಕರ್ ಓದಿ: ಹೆಚ್ಚಿನವು 12 ವೋಲ್ಟ್, ಕೆಲವು 9 ವೋಲ್ಟ್. ವೋಲ್ಟ್ ಹೆಚ್ಚಾದರೆ ರೂಟರ್ ಸುಟ್ಟುಹೋಗಬಹುದು. ಫೈಬರ್ ಪೆಟ್ಟಿಗೆ, ವೈಫೈ ರೂಟರ್ ಬೇರೆಬೇರೆಯಾಗಿದ್ದರೆ ಎರಡಕ್ಕೂ ವಿದ್ಯುತ್ ಬೇಕು. ಒಂದಕ್ಕೆ ಮಾತ್ರ ಕೊಟ್ಟು 'ನೆಟ್ ಬರುವುದಿಲ್ಲ' ಎಂದು ತಲೆಕೆಡಿಸಿಕೊಳ್ಳುವವರು ಬಹಳ. ಜೊತೆಗೆ ಬೇರೆ ಕಂಪನಿಯ ಸಿಮ್ ಇರುವ ಫೋನೊಂದು ಹಾಟ್‌ಸ್ಪಾಟ್‌ಗೆ ಸಿದ್ಧವಾಗಿರಲಿ. ಸಂಪರ್ಕ ಕಡಿದರೆ ಅದೇ ಹೆಸರಿನಲ್ಲಿ ಮತ್ತೆ ಒಳಬನ್ನಿ, ಕಡಿದ ಪರದೆಯ ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ.

ಕೊನೆಯ ಹತ್ತು ನಿಮಿಷವೇ ಮುಖ್ಯ. ಮುಗಿದ ನಂತರದ ಪರೀಕ್ಷೆ, ಅಭಿಪ್ರಾಯದ ಫಾರಂ ಎರಡನ್ನೂ ತುಂಬದೆ ಹಲವು ಕಡೆ ಸರ್ಟಿಫಿಕೇಟ್ ಹುಟ್ಟುವುದೇ ಇಲ್ಲ. ಲಿಂಕ್ ಬೇಗ ಮುಚ್ಚಿಹೋಗುತ್ತದೆ. 'ಧನ್ಯವಾದ ಸಮರ್ಪಣೆ' ಶುರುವಾಯಿತೆಂದು ಎದ್ದುಹೋದವರು ಆಮೇಲೆ ವಾರಗಟ್ಟಲೆ ಇಮೇಲ್ ಬರೆಯುತ್ತಾರೆ.

ರೆಕಾರ್ಡೆಡ್ ಕೋರ್ಸ್‌ಗಳಿಗೆ ನೈಟ್ ಡ್ಯೂಟಿಯ ಮರುದಿನ ಕೂರಬೇಡಿ. ಪಾಠ ತಲೆಗೆ ಹತ್ತುವುದಿಲ್ಲ, ಪರೀಕ್ಷೆಗೆ ಇಂತಿಷ್ಟೇ ಅವಕಾಶವೆಂದಿದ್ದರೆ ಅದೂ ಮುಗಿದುಹೋಗುತ್ತದೆ. ವೀಕ್ಲಿ ಆಫ್ ದಿನ ಬೆಳಿಗ್ಗೆ ಒಂದು ಗಂಟೆ ಮೀಸಲಿಟ್ಟರೆ ತಿಂಗಳಿಗೆ ನಾಲ್ಕು ಗಂಟೆ ಸುಲಭವಾಗಿ ಸಿಗುತ್ತದೆ.

ಪರದೆಯಲ್ಲಿ ಮುಗಿಯದ ಕೋರ್ಸ್‌ಗಳು

ಬಿಎಲ್ಎಸ್, ಎಸಿಎಲ್ಎಸ್ ಎಂಬ, ಹೃದಯ ನಿಂತವರನ್ನು ಬದುಕಿಸುವ ತರಬೇತಿ ಮಾಡುವವರು ಇದನ್ನು ಗಮನವಿಟ್ಟು ಓದಬೇಕು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಕೋರ್ಸ್‌ಗಳಲ್ಲಿ ಪಾಠದ ಭಾಗವನ್ನು ಆನ್‌ಲೈನ್‌ನಲ್ಲಿ ಮಾಡಬಹುದು, ಆದರೆ ಅದಷ್ಟಕ್ಕೆ ಕಾರ್ಡ್ ಬರುವುದಿಲ್ಲ. ಆನ್‌ಲೈನ್ ಭಾಗದ ಸರ್ಟಿಫಿಕೇಟ್ ಹಿಡಿದು ಅಧಿಕೃತ ತರಬೇತಿ ಕೇಂದ್ರಕ್ಕೆ ಹೋಗಿ ಕೈಯಾರೆ ಮಾಡಿ ತೋರಿಸಬೇಕು. ಕಾರ್ಡಿನ ಅವಧಿ 2 ವರ್ಷ. ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, ವಯಸ್ಕರಿಗೆ 5 ಸೆಂ.ಮೀ.ಗೆ ಕಡಿಮೆಯಿಲ್ಲದೆ 6 ಸೆಂ.ಮೀ. ಮೀರದೆ ಒತ್ತಬೇಕೆಂದು ಪರದೆ ಹೇಳಿಕೊಡುತ್ತದೆ. ಆದರೆ 5 ಸೆಂ.ಮೀ. ಎಂದರೆ ಎಷ್ಟು ಬಲ, ಎರಡು ನಿಮಿಷದ ನಂತರ ಭುಜ ಸೋತಾಗ ಆಳ ಹೇಗೆ ಕಡಿಮೆಯಾಗುತ್ತದೆ, ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡದೆ ಮೈಭಾರ ಹೇಗೆ ಅಲ್ಲೇ ಉಳಿಯುತ್ತದೆ ಎಂಬುದು ಬೊಂಬೆಯ ಮೇಲೆ ಕೈಯಿಟ್ಟಾಗಲೇ ತಿಳಿಯುವುದು. 'ಮನೆಯಲ್ಲೇ ಒಂದು ಗಂಟೆಯಲ್ಲಿ ಬಿಎಲ್ಎಸ್ ಕಾರ್ಡ್' ಎಂಬ ಜಾಹೀರಾತನ್ನು ನಂಬಬೇಡಿ.

ಅಂಥ ಕೈಕೆಲಸದ ದಿನಕ್ಕೂ ನೇರ ಕಾರ್ಯಕ್ರಮಗಳಿಗೂ ಊರಲ್ಲೇ ಅವಕಾಶವಿದೆ. ವೈದ್ಯಕೀಯ, ನರ್ಸಿಂಗ್ ಕಾಲೇಜುಗಳು ಮತ್ತು ಭಾರತೀಯ ವೈದ್ಯಕೀಯ ಸಂಘದ ಮಂಗಳೂರು, ಉಡುಪಿ ಕರಾವಳಿ ಶಾಖೆಗಳ ಪ್ರಕಟಣೆ ನೋಡುತ್ತಿರಿ. ಎಲ್ಲ ಗಂಟೆಯನ್ನೂ ಆನ್‌ಲೈನ್‌ನಲ್ಲೇ ತುಂಬಿಸದೆ ಒಂದಷ್ಟು ಮುಖಾಮುಖಿ ಕಾರ್ಯಕ್ರಮವೂ ಕಡತದಲ್ಲಿದ್ದರೆ ನಿಯಮ ಬದಲಾದರೂ ಕಂಗೆಡಬೇಕಾಗಿಲ್ಲ.

ಸರ್ಟಿಫಿಕೇಟ್ ಬಂದ ಮೇಲೆ

ಬಂದ ದಿನವೇ ತೆರೆದು ಓದಿ. ಹೆಸರು, ನೋಂದಣಿ ಸಂಖ್ಯೆ, ಕಾರ್ಯಕ್ರಮದ ದಿನಾಂಕ, ಕೌನ್ಸಿಲ್‌ನ ಮಾನ್ಯತಾ ಸಂಖ್ಯೆ, ಕ್ರೆಡಿಟ್ ಅಂಕಿ, ಸಹಿ. ತಪ್ಪಿದ್ದರೆ ಆ ವಾರದಲ್ಲೇ ತಿದ್ದಿಸಿ. ವರ್ಷದ ನಂತರ ಆಯೋಜಕ ಸಮಿತಿಯವರೇ ಬದಲಾಗಿರುತ್ತಾರೆ. ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿ, ಅದು ಆಯೋಜಕರ ಅಥವಾ ಕೌನ್ಸಿಲ್‌ನ ಪುಟಕ್ಕೇ ಹೋಗುತ್ತದೆಯೇ ಎಂದು ನೋಡಿ.

ಕಡತದ ಹೆಸರನ್ನು ವರ್ಷ, ತಿಂಗಳು, ದಿನ, ವಿಷಯ, ಗಂಟೆ ಈ ಕ್ರಮದಲ್ಲಿ ಇಟ್ಟರೆ ತಾನಾಗಿಯೇ ದಿನಾಂಕದ ಸಾಲಿಗೆ ಬರುತ್ತದೆ. ಒಂದು ಪ್ರತಿ ಇಮೇಲ್ ಅಥವಾ ಡ್ರೈವ್‌ನಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ, ಒಂದು ಮುದ್ರಿಸಿದ್ದು. ವಾಟ್ಸ್ಆಪ್‌ನಲ್ಲಿ ಬಂದದ್ದನ್ನು ಅಲ್ಲೇ ಬಿಡಬೇಡಿ, ಫೋನ್ ಬದಲಾದಾಗ ಹೋಗುವುದು ಅದೇ ಮೊದಲು. ಕರಾವಳಿಯ ತೇವಕ್ಕೆ ಕಾಗದದ ಪ್ರತಿ ಬೂಸಲು ಹಿಡಿಯುತ್ತದೆ, ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಹಾಕಿ ಗೋಡೆಗೆ ತಾಗದ ಕಪಾಟಿನಲ್ಲಿಡಿ. ಹಣ ಕಟ್ಟಿದ ರಶೀದಿಯೂ ಜೊತೆಗಿರಲಿ: ಆಸ್ಪತ್ರೆ ಶುಲ್ಕ ಮರಳಿ ಕೊಡುವುದಿದ್ದರೆ ಅದನ್ನೇ ಕೇಳುತ್ತದೆ. ಸ್ವಂತ ಕ್ಲಿನಿಕ್‌ನ ಡಾಕ್ಟರು ಇದನ್ನು ವೃತ್ತಿಯ ಖರ್ಚಿಗೆ ಹಾಕಬಹುದು, ಆದರೆ ಆದಾಯ ತೆರಿಗೆಯಲ್ಲಿ ಅರ್ಧ ಆದಾಯವನ್ನು ಲಾಭವೆಂದು ತೋರಿಸುವ ಸರಳ ಪದ್ಧತಿ ಹಿಡಿದವರಿಗೆ ಪ್ರತ್ಯೇಕ ಕಡಿತ ಸಿಗದು.

ಹಾಜರಾಗದೆ, ಓದದೆ 'ಐವತ್ತು ಗಂಟೆಯ ಸರ್ಟಿಫಿಕೇಟ್ ಇಂದೇ' ಎಂಬ ಸಂದೇಶ ಬಂದರೆ ಅಳಿಸಿಹಾಕಿ. ಸುಳ್ಳು ದಾಖಲೆ ಕೊಟ್ಟರೆ ಕೌನ್ಸಿಲ್ ಶಿಸ್ತುಕ್ರಮ ಜರುಗಿಸಬಹುದು, ಅದು ನಿಮ್ಮ ಹೆಸರಿನ ಜೊತೆ ವಿದೇಶದವರೆಗೂ ಬರುತ್ತದೆ. ಕಷ್ಟಪಟ್ಟು ಓದಿ ಗಳಿಸಿದ ನೋಂದಣಿಯನ್ನು ಅಂಥದ್ದಕ್ಕೆ ಒತ್ತೆಯಿಡಬೇಡಿ.

ಅರ್ಜಿ ಹಾಕುವಾಗ

ನೋಂದಣಿ ಮುಗಿಯುವ ದಿನಕ್ಕೆ ಆರು ತಿಂಗಳ ಮೊದಲೇ ಕೂತು ಗಂಟೆಗಳನ್ನು ಕೂಡಿಸಿ. ಕೊರತೆ ಇದ್ದರೆ ತುಂಬಿಕೊಳ್ಳಲು ಅಷ್ಟು ಸಮಯ ಬೇಕು. ಈ ಅವಧಿಯ ಒಳಗಿನ ದಿನಾಂಕದ ಸರ್ಟಿಫಿಕೇಟ್‌ಗಳನ್ನು ಮಾತ್ರ ಆರಿಸಿ, ಹಿಂದಿನ ನವೀಕರಣಕ್ಕೆ ಕೊಟ್ಟದ್ದನ್ನು ಮತ್ತೆ ಸೇರಿಸಬೇಡಿ.

ಕೌನ್ಸಿಲ್ ಜಾಲತಾಣದ ವಿಳಾಸವನ್ನು ಅಧಿಕೃತ ಪತ್ರದಿಂದ ನೋಡಿ ನೀವೇ ಟೈಪ್ ಮಾಡಿ. ಗುಂಪಿಗೆ ಬಂದ ಲಿಂಕ್ ಒತ್ತಿ ಹಣ ಕಟ್ಟಬೇಡಿ. ಸ್ಕ್ಯಾನ್ ಮಾಡುವಾಗ ಟ್ಯೂಬ್‌ಲೈಟ್ ನೆರಳು ಬೀಳದ ಹಾಗೆ, ನಾಲ್ಕೂ ಅಂಚು ಕಾಣುವ ಹಾಗೆ ತೆಗೆಯಿರಿ. ಕಡತದ ಗಾತ್ರಕ್ಕೆ ಮಿತಿಯಿರುತ್ತದೆ, ಕುಗ್ಗಿಸಿದ ಮೇಲೆ ಮಾನ್ಯತಾ ಸಂಖ್ಯೆ ಓದಲು ಬರುತ್ತದೆಯೇ ಎಂದು ದೊಡ್ಡದು ಮಾಡಿ ನೋಡಿ. ಖಾತೆಯಿಂದ ಹಣ ಹೋಗಿ ಪುಟದಲ್ಲಿ 'ವಿಫಲ' ಎಂದು ಬಂದರೆ ತಕ್ಷಣ ಮತ್ತೆ ಕಟ್ಟಬೇಡಿ. ವಹಿವಾಟಿನ ಸಂಖ್ಯೆ ಬರೆದುಕೊಂಡು, ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಹಣ ವಾಪಸಾಗಿದೆಯೇ ನೋಡಿ ಮುಂದುವರಿಯಿರಿ.

ಅರ್ಜಿ ಸಂಖ್ಯೆ ಬಂದ ಪುಟವನ್ನು ಪಿಡಿಎಫ್ ಮಾಡಿಡಿ, ವಾರಕ್ಕೊಮ್ಮೆ ಸ್ಥಿತಿ ನೋಡಿ. ಆಕ್ಷೇಪಣೆ ಬಂದರೆ ಅದಕ್ಕೆ ಗಡುವಿರುತ್ತದೆ. ಹೊಸ ಪತ್ರ ಬಂದ ಮೇಲೆ ಅದರ ಮುಕ್ತಾಯ ದಿನಾಂಕವನ್ನು ಫೋನಿನ ಕ್ಯಾಲೆಂಡರಿನಲ್ಲಿ ಆರು ತಿಂಗಳ ಮುಂಚಿನ ಎಚ್ಚರಿಕೆಯೊಂದಿಗೆ ಹಾಕಿ, ಒಂದು ಪ್ರತಿಯನ್ನು ಆಸ್ಪತ್ರೆಯ ಎಚ್‌ಆರ್ ವಿಭಾಗಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ.